ಚೀಲದ ಹೊಟ್ಟೆಯ ಕಾಳು

ಜಡೆಪ್ಪನವರ ಬಲಗೈ ಅವರ ಮೈಯಿಂದ ಸದಾ ಒಂದು ಗೇಣು ದೂರದಲ್ಲಿರುತ್ತದೆ. ಕಂಪ್ಲಿಯ ತಮ್ಮ ಅಕ್ಕಿ ಮಿಲ್ಲಿನಲ್ಲಿ ನಲವತ್ತು ವರ್ಷ ಮೊಣಕೈವರೆಗೂ ಭತ್ತದ ಚೀಲಕ್ಕಿಳಿದು ಪಳಗಿದ ಆ ಕೈ, ರಸ್ತೆಯಲ್ಲಿ ನಡೆಯುವಾಗಲೂ ಇನ್ನೊಂದು ಚೀಲ ಎದುರಾದೀತೆಂದು ಕಾಯುತ್ತಿರುವಂತೆ ತೋರುತ್ತದೆ. ಚೀಲದ ಬಾಯಲ್ಲಿರುವ ಕಾಳನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ, ಅದು ಮಾರುವವನು ಸಿಂಗರಿಸಿಟ್ಟದ್ದು. ತಳದ್ದನ್ನೂ ಮುಟ್ಟುವುದಿಲ್ಲ, ಅದು ಕಣ ಗುಡಿಸಿ ತುಂಬಿದ್ದು. ನಡುವಿನಿಂದ ಒಂದು ಹಿಡಿ ಎಳೆದು, ಎರಡು ಕಾಳನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿದು, ಉಳಿದದ್ದನ್ನು ಖಾಕಿ ಕೋಟಿನ ಜೇಬಿಗೆ ಸುರಿದುಕೊಳ್ಳುತ್ತಾರೆ. ಹೊಸ ಬೀಗರಿರಲಿ, ಹೊಸ ಪಂಪ್‌ಸೆಟ್ಟಿರಲಿ, "ಹೊಟ್ಟ್ಯಾಗ ಏನೈತಿ?" ಎಂಬುದೇ ಅವರ ಮೊದಲ ಪ್ರಶ್ನೆ.

ಇಂಥವರು ಆನ್‌ಲೈನಿನಲ್ಲಿ ಕಿವಿಯ ಮಷೀನು ಕೊಳ್ಳಲು ಹೊರಟು ಪೂರ್ತಿ ದಿಕ್ಕೆಟ್ಟಿದ್ದನ್ನು ಪಕ್ಕದ ಮನೆಯವನಾದ ನಾನು ಕಣ್ಣಾರೆ ಕಂಡೆ. ಮಿಲ್ಲಿನ ಗೋಡೆಗೇ ಅಂಟಿದ ಮನೆಯಲ್ಲಿ, ಹಗಲೆಲ್ಲ ಅದರ ಆರ್ಭಟ ಕೇಳುತ್ತ ಬಾಳಿದ ಹೆಂಡತಿ ಹಂಪಮ್ಮನವರ ಕಿವಿ ಮಂದವಾಗಿ, ಕೇಳಿದ್ದೊಂದಕ್ಕೆ ಹೇಳಿದ್ದೊಂದಾಗಿ, ಜನ ನಕ್ಕಾರೆಂಬ ಅಳುಕಿಗೆ ಆಕೆ ಮಾತನ್ನೇ ಬಿಡುತ್ತ ಬಂದಿದ್ದರು. ಹೊಸಪೇಟೆಯ ಡಾಕ್ಟರು ಮಷೀನು ಹಾಕಿಸಿ ಎಂದರು. ಐದು ನಕ್ಷತ್ರದ ಹೊಗಳಿಕೆ ನಂಬಿ ತರಿಸಿದ ಮೊದಲನೆಯದು ಕಿವಿಯೊಳಗೆ ಕುಕ್ಕರಿನಂತೆ ಸೀಟಿ ಹೊಡೆಯಿತು. ಹಂಪಮ್ಮ ಅದನ್ನು ಬಿಚ್ಚಿ ಗಂಡನ ಅಂಗೈಯಲ್ಲಿಟ್ಟು, "ಇನ್ನೊಂದ್ ಸಲ ಹಾಕ್ಕೋತೀನ್ರಿ. ಅದೂ ಆಗ್ಲಿಲ್ಲಂದ್ರ ಮತ್ತ ಕೇಳಬ್ಯಾಡ್ರಿ" ಅಂದರು. ಆಕೆ ಅಂದರೆ ಅಂದಂತೆಯೇ ಎಂಬುದು ಜಡೆಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲಿನ ಎರಡು ವಾರ ಮಿಲ್ಲಿನ ಕಟ್ಟೆಯ ಮೇಲೆ ಕೂತು ಗ್ರಾಹಕರ ಅಭಿಪ್ರಾಯಗಳನ್ನು ನನ್ನಿಂದ ಓದಿಸಿದರು. ಒಂದೇ ಮಷೀನನ್ನು ಒಬ್ಬ ಮರುಜನ್ಮವೆಂದು ಕೊಂಡಾಡಿದ್ದ. ಅವನ ಕೆಳಗಿನವನು ಹೊಳೆಗೆ ಎಸೆಯಿರಿ ಎಂದಿದ್ದ. ಡಬ್ಬ ಹರಿದಿತ್ತೆಂದು ಒಬ್ಬ ಒಂದೇ ನಕ್ಷತ್ರ ಕೊಟ್ಟರೆ, ಡಬ್ಬ ಇನ್ನೂ ತೆರೆದಿಲ್ಲ, ತಂದುಕೊಟ್ಟವನು ಸಂಭಾವಿತ ಎಂದು ಮತ್ತೊಬ್ಬಳು ಐದು ಕೊಟ್ಟಿದ್ದಳು. ಹನ್ನೊಂದು ಮಂದಿ ಅಕ್ಷರವೂ ಕದಲದಂತೆ ಒಂದೇ ವಾಕ್ಯ ಬರೆದಿದ್ದರು. ಒಂದೇ ಚೀಲದ ಅಕ್ಕಿ ಒಬ್ಬರ ಮನೆಯಲ್ಲಿ ಅನ್ನವಾಗಿ ಇನ್ನೊಬ್ಬರ ಮನೆಯಲ್ಲಿ ಕಲ್ಲಾಗುವುದು ಹೇಗೆಂದು ಜಡೆಪ್ಪ ಕೇಳುತ್ತಲೇ ಇದ್ದರು.

ಒಂದು ಮಧ್ಯಾಹ್ನ ಅವರ ಬಲಗೈ ತಾನಾಗಿಯೇ ಮೊಬೈಲಿನ ಕಡೆ ಚಾಚಿತು. ಐದೂ ಬ್ಯಾಡ, ಒಂದೂ ಬ್ಯಾಡ, ನಡುವಿನ ಮೂರರದ್ದು ತೆಗಿ ಎಂದರು. ಅಲ್ಲಿ ದೋಣಿಮಲೈಯ ಪಲ್ಲವಿ ಎಂಬಾಕೆ ಬರೆದಿದ್ದಳು: ತಾಯಿಗೆ ಮಾತು ಕೇಳುತ್ತದೆ, ಆದರೆ ಮೊದಲ ವಾರ ತಟ್ಟೆಯ ಸಪ್ಪಳಕ್ಕೂ ಬೆಚ್ಚುತ್ತಾರೆ, ಸೆಲ್ಲಿನ ಮುಚ್ಚಳ ತೆಗೆಯುವುದು ವಯಸ್ಸಾದ ಬೆರಳಿಗೆ ಕಷ್ಟ, ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೊಳ್ಳುವ ಗುಂಡಿ ಒತ್ತುತ್ತಿದ್ದರು. ಜಡೆಪ್ಪ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು.

ಹೊಸಪೇಟೆಯಲ್ಲೊಮ್ಮೆ, ಸಂಡೂರಿನಲ್ಲೊಮ್ಮೆ ಬಸ್ಸು ಬದಲಿಸಿ ದೋಣಿಮಲೈ ಮುಟ್ಟಿ, ಗಣಿ ಕಂಪನಿ ಕ್ವಾರ್ಟರ್ಸಿನ ಸಾಲು ಸಾಲು ಬಾಗಿಲಲ್ಲಿ 'ಕಿವಿ ಮಷೀನಿನ ಪಲ್ಲವಿ'ಯ ಮನೆ ಕೇಳುತ್ತ ಹೋದೆವು. ಬಾಗಿಲು ತೆರೆದ ಪಲ್ಲವಿ ನಮ್ಮನ್ನು ಮಷೀನು ಮಾರಿದವರ ಕಡೆಯವರೆಂದೇ ತಿಳಿದು, ತಾನು ಬರೆದದ್ದರಲ್ಲಿ ಸುಳ್ಳಿಲ್ಲವೆಂದು ಗಾಬರಿಯಿಂದ ಹೇಳಿದಳು.

"ಸುಳ್ಳಲ್ಲಂತನ ಬಂದೀನವ್ವ," ಅಂದರು ಜಡೆಪ್ಪ.

ಪಲ್ಲವಿಯ ತಾಯಿ ನೀಲಗಂಗಮ್ಮ ಮಷೀನು ಹಾಕಿಕೊಂಡು, ನಮಗೆ ಬೆನ್ನು ಮಾಡಿ ಒಲೆಯ ಮುಂದೆ ಚಹಾ ಕಾಸುತ್ತಿದ್ದರು. ಜಡೆಪ್ಪ ಬಾಗಿಲಲ್ಲೇ ನಿಂತು, ನಾನೆಂದೂ ಕೇಳಿರದ ಮೆಲುದನಿಯಲ್ಲಿ, ಸಕ್ಕರೆ ಕಡಿಮೆ ಇರಲಿ ಎಂದರು. ನೀಲಗಂಗಮ್ಮ ತಿರುಗಿ ನೋಡಿ, ಆಗಲೇ ಹಾಕಿಬಿಟ್ಟೆನಲ್ಲ ಎಂದು ಪೇಚಾಡಿದರು. ಜಡೆಪ್ಪ ಆ ಸಿಹಿ ಚಹಾವನ್ನು ಎರಡು ಲೋಟ ಕುಡಿದರು.

ಊರಿಗೆ ಮರಳಿ ಅದೇ ಮಷೀನು ತರಿಸಿದ್ದಾಯಿತು. ಎಂಟು ದಿನ ಹಂಪಮ್ಮ ಅರ್ಧರ್ಧ ಗಂಟೆ ಹಾಕಿ, ಮುಖ ಸಿಂಡರಿಸಿ ತೆಗೆದಿಟ್ಟರು. ಒಂಬತ್ತನೆಯ ದಿನ ಜಡೆಪ್ಪ ವಾಡಿಕೆಯಂತೆ ಅಂಗಳದಿಂದಲೇ ಊಟಕ್ಕೆ ಕೂಗಿದಾಗ ಆಕೆ ಹೊರಗೆ ಬಂದು, "ಯಾಕ್ರೀ ಒದರ್ತೀರಿ? ನನಗ ಕೇಳಸ್ತೈತಿ," ಅಂದರು. ಇಷ್ಟು ವರ್ಷ ಹೆಂಡತಿಯೊಡನೆ ಕೂಗಿಯೇ ಮಾತಾಡಿದ ಮನುಷ್ಯನಿಗೆ, ಮೆಲ್ಲಗೆ ಆಡಬೇಕಾದ ಮಾತು ಯಾವುದೆಂದೇ ಹೊಳೆಯಲಿಲ್ಲ. ಅವರ ಕಣ್ಣು ತುಂಬಿತ್ತು, ನನ್ನದೂ.

ಅಭಿಪ್ರಾಯ ಬರೆಯುವಾಗ ನಾನು ಐದು ನಕ್ಷತ್ರ ಒತ್ತಲು ಹೋದೆ, ಅವರು ಕೈ ಹಿಡಿದರು. ಮೂರೇ ಸಾಕು, ಐದು ಕಂಡರೆ ನಂಬುವವರಾರು ಎಂದರು. ಕೆಳಗೆ ಬರೆಸಿದ್ದು ಇಷ್ಟೇ: "ಕೇಳುತ್ತದೆ. ಮುಚ್ಚಳ ಗಟ್ಟಿ. ಅನುಮಾನವಿದ್ದವರು ಕಂಪ್ಲಿಗೆ ಬಂದು ನಮ್ಮ ಮನೆಯವರನ್ನು ಮೆಲ್ಲಗೆ ಮಾತಾಡಿಸಿ ನೋಡಿ." ಮುಖ ಕಾಣದವರ ಮಾತನ್ನು ಎಷ್ಟು ನಂಬಬೇಕೆಂಬ ಗೊಂದಲ ಅವರಿಗೆ ಇನ್ನೂ ಬಗೆಹರಿದಿಲ್ಲ, ನನಗೂ ಇಲ್ಲ. ಆದರೆ ಲೋಕದಲ್ಲಿ ಜಡೆಪ್ಪನಂಥ ಕೆಲವರು ಇರುತ್ತಾರೆ. ತಾವು ಮುಟ್ಟದ್ದನ್ನು ಹೊಗಳಲಾರರು, ಮುಟ್ಟಿದ್ದರ ಕೊರತೆ ಮುಚ್ಚಿಡಲಾರರು, ಮತ್ತು ತಮ್ಮ ಮಾತನ್ನು ಒರೆಹಚ್ಚಲು ಬರುವ ಅಪರಿಚಿತನಿಗೆ ಬಾಗಿಲು ತೆರೆದು ಚಹಾ ಕೊಡುತ್ತಾರೆ.