ಹೀಟರಿನ ತಣ್ಣನೆ ಗಾಳಿ

ತಣ್ಣಗಿದೆ, ಹೀಟರಿನ ಗಾಳಿ ಪಾದಕ್ಕೆ ತಣ್ಣಗೆ ಹೊಡೆಯುತ್ತಿದೆ, ಅತಾ ಸ್ಟೀರಿಂಗ್ ತಟ್ಟಿ ಖುಷಿಪಡುತ್ತಿದ್ದಾರೆ, ಪಕ್ಕದ ಸೀಟಿನ ನನ್ನ ಗಂಡನಿಗೆ ಹೇಳುತ್ತಿದ್ದಾರೆ, ನೋಡು ತಾಲಾಯ್, ನನ್ನ ವೋಲ್ಗಾ ಕಾರು ಮುದುಕಿಯಾದ್ರೂ, ಘಟ್ಟ ಹತ್ತಿದ್ರೂ ಕಾಯದೆ ಎಷ್ಟು ತಂಪಾಗಿದಾಳೆ — ಅತಾ ಅಂದರೆ ನನ್ನ ಮಾವ, ಹೆಸರು ನನ್ನ ಬಾಯಲ್ಲಿ ಬರಬಾರದು, ಸೊಸೆ ಮಾವನ ಹೆಸರು ಹೇಳಬಾರದು, ಎದುರಾಡಬಾರದು, ಮೂರು ವರ್ಷದಿಂದ ನಾನು ಆಡಿದ್ದು ಹೂಂ ಅತಾ, ಟೀ ತರ್ಲಾ ಅತಾ, ಅಷ್ಟೆ. ಆದರೆ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿದೆ. ಎಂಜಿನ್ ಕಾದಿದೆ, ಹೀಟರ್ ತಣ್ಣಗಿದೆ, ಎರಡೂ ಒಟ್ಟಿಗೆ ಆದ್ರೆ ಏನರ್ಥ ಬುರುಲ್, ನಾನು ಚಿಕ್ಕವಳಿದ್ದಾಗ ನನ್ನಪ್ಪ ಲಾರಿಯ ಕೆಳಗೆ ಮಲಗಿಕೊಂಡೇ ಕೇಳುತ್ತಿದ್ದ, ಫಾರ್ಮಿನ ಗ್ಯಾರೇಜು, ಸ್ಪ್ಯಾನರ್ ಹಿಡಿದ ನಾನು, ನೀರಿಲ್ಲ ಅಪ್ಪ, ಭಲೇ ಮಗಳೇ, ಹೀಟರಿಗೆ ಬರೋದೂ ಅದೇ ನೀರು ಕಣೇ. ಬೆಳಿಗ್ಗೆ ಕಾರಿನ ಮೂತಿಯ ಕೆಳಗೆ ಹನಿ ಬಿದ್ದು ಬಿದ್ದು ಹಿಮದಲ್ಲಿ ಗುಳಿಯಾಗಿತ್ತು, ಅತಾ ರೇಡಿಯೇಟರಿಗೆ ಒಂದು ಹಿಡಿ ಸಾಸಿವೆ ಪುಡಿ ಸುರಿದರು, ಉಬ್ಬಿ ತೂತು ಮುಚ್ಚುತ್ತೆ ಅಂದರು, ಮುಚ್ಚಿಲ್ಲ, ಬೆಂದ ಸಾಸಿವೆ ಮೂಗಿಗೆ ಬಡಿಯುತ್ತಿದೆ. ಮಡಿಲಲ್ಲಿ ಬೆಕ್ತೂರ್, ಎಂಟು ತಿಂಗಳ ನನ್ನ ಕೂಸು, ಉಸಿರಿಗೆ ಒದ್ದಾಡುತ್ತಿದ್ದಾನೆ, ಎದೆಯೊಳಗೆ ಸೀಟಿ, ಆಸ್ಪತ್ರೆ ಘಟ್ಟದಾಚೆ, ನಡುವೆ ಸುರಂಗ, ಉದ್ದಕ್ಕೂ ಹೊಗೆ, ಅಲ್ಲಿ ಎಂಜಿನ್ ಕಚ್ಚಿಕೊಂಡು ನಿಂತರೆ ಹಿಂದೊಂದು ಲಾರಿ ಮುಂದೊಂದು ಲಾರಿ, ಇವನು ಆ ಹೊಗೆಯನ್ನೇ ಕುಡಿಯಬೇಕು. ಹಿಂದಿನ ತಿರುವಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ತಾಲಾಯ್ ಕಿವಿಗೆ ನೀರಿಲ್ಲ ಅಂತ ಪಿಸುಗುಟ್ಟಿದೆ, ಗಂಡ ತಿರುಗಿಯೂ ನೋಡಲಿಲ್ಲ, ನಲವತ್ತು ವರ್ಷ ಓಡಿಸ್ದೋರಿಗೆ ನೀನು ಹೇಳ್ಕೊಡ್ತೀಯಾ, ಸುಮ್ನೆ ಕೂತ್ಕೊ. ಕೂತಿದ್ದೇನೆ, ಬಾಯಲ್ಲಿ ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ. ಅತಾ ಕೆಟ್ಟವರಾಗಿದ್ದರೆ ಸುಲಭವಿತ್ತು, ಹೆರಿಗೆಯ ದಿನ ಹಿಮದಲ್ಲಿ ಇದೇ ಕಾರಿನಲ್ಲಿ ಕರೆದೊಯ್ದವರು, ಸಿಟ್ಟಾಗುವುದಕ್ಕೂ ಬಿಡದ ಮನುಷ್ಯ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ.

ಮುಳ್ಳು ಇಳಿಯಿತು, ಕೆಂಪು ಮುಟ್ಟಿ ಸರ್ರನೆ ಕೆಳಗೆ, ಅತಾ ನಕ್ಕರು, ಹೇಳ್ಲಿಲ್ವಾ, ಸಾಸಿವೆ ಕೆಲ್ಸ ಮಾಡ್ತು — ಇಲ್ಲ, ನೀರು ತಾಗಿದರೆ ತಾನೇ ಮುಳ್ಳಿಗೆ ಬಿಸಿ ಗೊತ್ತಾಗುವುದು, ಅಲ್ಲೀಗ ನೀರೇ ಇಲ್ಲ, ಸುರಂಗದ ಬಾಯಿ ಕಾಣಿಸುತ್ತಿದೆ, ಪಕ್ಕದಲ್ಲಿ ಲಾರಿಗಳು ನಿಲ್ಲುವ ಜಾಗ, ಇದೇ ಕೊನೆಯದು, ದಾಟಿದರೆ ಮುಗಿಯಿತು, ಕೂಸಿನ ಸೀಟಿ ನಿಂತಿತು, ಎಷ್ಟು ಹೊತ್ತು, ಮತ್ತೆ ಶುರುವಾಯಿತು, ನನ್ನ ಕೈ ಸೀಟಿನ ಮೇಲಿಂದ ಚಾಚಿದೆ, ಅತಾ ಅವರ ಭುಜಕ್ಕೆ ಉಜ್ಜಿದೆ, ಸೊಸೆಯ ಕೈ ತಾಗಬಾರದ ಭುಜ, ಕೀ ತಿರುಗಿದೆ, ಬ್ರೇಕ್ ಕಿರುಚಿದೆ, ಕಾರು ಜಲ್ಲಿಯ ಮೇಲೆ ನಿಂತಿದೆ, ಕಾದ ಕಬ್ಬಿಣ ಟಿಕ್ ಟಿಕ್ ಅನ್ನುತ್ತಿದೆ, ಕೀ ನನ್ನ ಮುಷ್ಟಿಯಲ್ಲಿದೆ. ಅತಾ ತಿರುಗಲಿಲ್ಲ, ಭುಜದ ಮೇಲಿಂದ ಅಂಗೈ ಮಾತ್ರ ಹಿಂದಕ್ಕೆ ಬಂತು, “ಕೊಡು” — ಕೊಡಬೇಕು, ಈ ಮನೆಯಲ್ಲಿ ನಾನು ಕಲಿತದ್ದೇ ಕೊಡುವುದು, “ಇಲ್ಲ ಅತಾ, ನೀರಿಲ್ಲ,” ಅಂದದ್ದು ನಾನೇ, ನನ್ನದೇ ದನಿ, ಎಷ್ಟು ಜೋರು, ಅಂಗೈ ವಾಪಸ್ ಹೋಗಲಿಲ್ಲ, ಬಿಳಿ ಗೆರೆಗಳ ಮುದಿ ಅಂಗೈ, ಚಾಚಿಯೇ ಇದೆ, ಅಂಗೈ, ಖಾಲಿ ಅಂಗೈ