ಮೊಂಬಾಸಾಗೆ ಒಂದೇ ಗಾಡಿಯಲ್ಲಿ

ಮದುವೆಯಾದಾಗಿನಿಂದ ನಾನು ಹೆಚ್ಚು ನೋಡಿರುವುದು ನನ್ನ ಗಂಡನ ಗಾಡಿಯ ಹಿಂಭಾಗವನ್ನು. ನಗಬೇಡಿ. ಸೂರ್ಯನಾರಾಯಣ ಎಂಬ ಈ ಮಹಾಶಯರು ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಯಾವ ಹೊತ್ತಿನಲ್ಲಿ ಯಂತ್ರ ಕೆಟ್ಟರೂ ಇವರು ಓಡಬೇಕು. ಹಾಗಾಗಿ ನಕೂರುವಿಗೆ ಹೋಗಲಿ, ಮೊಂಬಾಸಾಗೆ ಹೋಗಲಿ, ಕಂಪನಿಯ ಪಿಕಪ್‌ನಲ್ಲಿ ಇವರು ಮುಂದೆ, ನನ್ನ ಪುಟ್ಟ ಕಾರಿನಲ್ಲಿ ನಾನು ಹಿಂದೆ.

"ಫೋನ್ ಬಂದ್ರೆ ನಾನು ಅಲ್ಲಿಂದ್ಲೇ ವಾಪಸ್ ಹೊರಟುಬಿಡ್ತೀನಿ ಕಣೇ. ನಿನ್ನ ಟ್ರಿಪ್ ಯಾಕೆ ಹಾಳಾಗ್ಬೇಕು?" ಎನ್ನುತ್ತಿದ್ದರು.

ಇವರಿಲ್ಲದ ಟ್ರಿಪ್ಪು ಕಟ್ಟಿಕೊಂಡು ನನಗೇನಾಗಬೇಕಿತ್ತು? ಪಕ್ಕದ ಸೀಟಿನಲ್ಲಿ ಚಕ್ಕುಲಿ ಡಬ್ಬ ಇಟ್ಟುಕೊಂಡು ಕೀನ್ಯಾ ದೇಶವನ್ನೆಲ್ಲ ಸುತ್ತಿದವಳು ನಾನು.

ಎರಡು ಸಾವಿರದ ಆರರಲ್ಲಿ ನಿವೃತ್ತರಾದರು. ದೇಶ ಬಿಟ್ಟು ಹೊರಟಿದ್ದ ಒಬ್ಬ ದಕ್ಷಿಣ ಆಫ್ರಿಕಾದವನಿಂದ ಹಳೆಯ ಮೋಟಾರ್‌ಹೋಮ್ ಕೊಂಡರು. ಗಾಡಿಯೊಳಗೇ ಹಾಸಿಗೆ, ಒಲೆ, ಸಿಂಕು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆದರೆ ಅಷ್ಟು ದೊಡ್ಡ ಗಾಡಿ ಮೊಂಬಾಸಾದ ಹಳೇ ಪೇಟೆಯ ಗಲ್ಲಿಗಳಲ್ಲಿ ನುಗ್ಗುವುದಿಲ್ಲ. ಅಲ್ಲಿ ತಿರುಗಾಡಲು ನನ್ನ ಕಾರು ಬೇಕೇ ಬೇಕು.

"ನೀನು ಅದನ್ನ ಹಿಂದೆ ಓಡಿಸ್ಕೊಂಡು ಬಾ, ಊರ್ಮಿಳಾ," ಎಂದರು.

ಮೈಯೆಲ್ಲ ಉರಿದುಹೋಯಿತು. "ಕಾರನ್ನ ಕಟ್ಟಿ ಎಳೀರಿ! ನಾನು ನಿಮ್ಮ ಪಕ್ಕ ಕೂರ್ತೀನಿ. ಇಲ್ದಿದ್ರೆ ನೀವೊಬ್ರೇ ಹೋಗಿ ಬನ್ನಿ."

"ಸೇಫಾಗಿ ಎಳೆಯೋಕಾದ್ರೆ ಸರಿ. ಒಂಚೂರು ಡೌಟ್ ಬಂದ್ರೂ ಬಿಚ್ಚಿಬಿಡ್ತೀನಿ."

ಹೊರಡುವ ಬೆಳಿಗ್ಗೆ ಲಂಗಾಟಾ ಬಡಾವಣೆಯ ನಮ್ಮ ಮನೆಯಂಗಳದಲ್ಲಿ ಇವರ ಸಂಭ್ರಮ ನೋಡಬೇಕಿತ್ತು. ಮೋಟಾರ್‌ಹೋಮಿನ ಹಿಂದಿನ ಕೊಕ್ಕೆಗೂ ಕಾರಿನ ಮುಂಭಾಗಕ್ಕೂ ನಡುವೆ ಕಬ್ಬಿಣದ ಟೋ-ಬಾರ್ ಕೂರಿಸಿ, ಬೋಲ್ಟು ಬಿಗಿದು, ಪಿನ್ ಹಾಕಿದರು. ಬಾರ್ ಎಲ್ಲಾದರೂ ಕಳಚಿದರೆ ನೆಲಕ್ಕೆ ಬೀಳದಿರಲೆಂದು ಅದರ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಯಿಸಿದರು. ಗೇರು ನ್ಯೂಟ್ರಲ್. ಸ್ಟೀರಿಂಗ್ ಲಾಕ್ ಆಗದಂತೆ ಕೀಲಿಯನ್ನು ಕಾರಿನಲ್ಲೇ ಬಿಟ್ಟರು. ಲೈಟಿನ ವಯರು ಸಿಕ್ಕಿಸಿ, ನನ್ನನ್ನು ಹಿಂದೆ ನಿಲ್ಲಿಸಿ, "ಬ್ರೇಕ್ ಹತ್ತಿತಾ? ಎಡಗಡೇದು? ಬಲಗಡೇದು?" ಎಂದು ಕೂಗಿದರು. ನನ್ನನ್ನು ನೋಡಲು ಬಂದ ದಿನವೂ ಇಷ್ಟು ಗಮನವಿಟ್ಟು ನೋಡಿರಲಿಲ್ಲ, ಪುಣ್ಯಾತ್ಮ.

ಪೂಜೆ ಮಾಡದೆ ಹೊರಡುವುದುಂಟೆ? ಎರಡೂ ಗಾಡಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಒಂದೊಂದು ಚಕ್ರದ ಮುಂದೂ ನಿಂಬೆಹಣ್ಣು ಇಟ್ಟೆ. ಇವರು ಮೆಲ್ಲಗೆ ಗಾಡಿ ಬಿಟ್ಟರು. ಮೋಟಾರ್‌ಹೋಮಿನ ನಿಂಬೆಹಣ್ಣುಗಳು ಪಚ್ಚೆಂದು ಅಪ್ಪಚ್ಚಿಯಾದವು. ಕಾರಿನ ಮುಂದಿನವೂ ಆದವು. ಹಿಂದಿನ ಎರಡು ಮಾತ್ರ ಇಡಿಯಾಗಿಯೇ ಇದ್ದವು! ಚಕ್ರಗಳು ತಿರುಗುತ್ತಲೇ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಗೀರು ಹಾಕುತ್ತ, ನಿಂಬೆಹಣ್ಣುಗಳನ್ನು ಮುಂದಕ್ಕೆ ತಳ್ಳಿಕೊಂಡು ಹೊರಟಿದ್ದವು.

"ರೀ, ನಿಲ್ಸಿ! ನಿಲ್ಸಿ!"

ಇಳಿದು ಬಂದು ಕಾರಿನೊಳಗೆ ಬಗ್ಗಿ ನೋಡಿದರು. ಹ್ಯಾಂಡ್‌ಬ್ರೇಕು ಮೇಲೇ ಇತ್ತು. ಬೋಲ್ಟು ಬಿಗಿಯುವಾಗ ಕಾರು ಉರುಳದಿರಲೆಂದು ತಾವೇ ಎಳೆದು, ಇಳಿಸಲು ಮರೆತಿದ್ದರು. ಮುಖ ಬಿಳಿಚಿಕೊಂಡಿತು.

"ಹೈವೇಲಿ ಹೀಗೇ ಎಳ್ಕೊಂಡು ಹೋಗಿದ್ರೆ ಟೈರಿಗೆ ಬೆಂಕಿ ಹತ್ಕೋತಿತ್ತು. ಬೇಡ, ಇದು ನನ್ನ ಕೈಲಾಗಲ್ಲ. ಬಿಚ್ತೀನಿ. ನೀನು ಹಿಂದೆ ಬಾ," ಎಂದು ಸ್ಪ್ಯಾನರ್ ಎತ್ತಿಕೊಂಡರು.

ನಾನು ಹೋಗಿ ಆ ಟೋ-ಬಾರಿನ ಮೇಲೇ ಕೂತೆ. ಇಸ್ತ್ರಿ ಮಾಡಿದ ಸೀರೆ ಗ್ರೀಸಾದರೆ ಆಗಲಿ.

"ಬಿಚ್ಚಿ ನೋಡೋಣ! ಬ್ರೇಕ್ ಇಳಿಸೋದು ಮರೆತ್ರಿ, ಈಗ ಇಳಿಸಿದ್ರೆ ಆಯ್ತು. ಇಷ್ಟು ವರ್ಷ ನನ್ನನ್ನೇ ಹಿಂದೆ ಬಿಟ್ಟು ಹೋದ್ರಲ್ಲ, ಅದಕ್ಕೇನು ಮಾಡ್ತೀರಿ? ನಂಗೆ ಮೊಂಬಾಸಾನೂ ಬೇಡ, ಸಮುದ್ರಾನೂ ಬೇಡ. ಒಂದೇ ಒಂದ್ಸಲ ನಿಮ್ಮ ಪಕ್ಕ ಕೂತು ಅಷ್ಟು ದಾರಿ ಹೋಗ್ಬೇಕು ರೀ." ಗೇಟಿನ ಅಸ್ಕಾರಿ ಪಾಪ, ಕಾವಲು ಮರೆತು ನಮ್ಮನ್ನೇ ನೋಡುತ್ತಿದ್ದ.

ಇವರು ಸ್ಪ್ಯಾನರ್ ಕೆಳಗಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಪಿನ್ನಿನಿಂದ ಹಿಡಿದು ಲೈಟಿನವರೆಗೆ ಎಲ್ಲವನ್ನೂ ಮೊದಲಿನಿಂದ ಮತ್ತೆ ಮುಟ್ಟಿ ನೋಡಿದರು. ಅಂಗಳದಲ್ಲಿ ಎಳೆದು ನೋಡಿದಾಗ ಚಕ್ರಗಳೆಲ್ಲ ಸಲೀಸಾಗಿ ತಿರುಗಿದವು. ಆಮೇಲೆ ಪಕ್ಕದ ಸೀಟಿನ ಧೂಳು ಕೊಡವಿ, "ಹತ್ತು," ಎಂದರು.

ಲಂಗಾಟಾ ರಸ್ತೆ ಮುಗಿದು, ನ್ಯಾಯೋ ಸ್ಟೇಡಿಯಂ ಬಳಿಯ ವೃತ್ತದಲ್ಲಿ ಬಲಕ್ಕೆ ಸುತ್ತುವಾಗ ಇವರ ಕಡೆಯ ಕನ್ನಡಿಯಲ್ಲಿ ನನ್ನ ಕಾರು ಕಾಣಿಸಿತು. "ಅಯ್ಯೋ!" ಎಂದವರೇ ಬ್ರೇಕ್ ಒತ್ತಿದರು. ಹಿಂದಿನ ಮಟಾಟು ವ್ಯಾನುಗಳೆಲ್ಲ ಹಾರ್ನ್ ಬಾರಿಸಿದವು.

"ಏನ್ರೀ? ಕಳಚಿಕೊಳ್ತಾ?"

"ಇಲ್ಲ. ಕಾರಲ್ಲಿ ನೀನಿರ್ಲಿಲ್ಲ."

"ಇಲ್ಲೇ ಕೂತಿದೀನಲ್ರೀ!"

"ಗೊತ್ತು ಕಣೇ. ಅಭ್ಯಾಸ." ಗಾಡಿ ಮತ್ತೆ ಮುಂದಕ್ಕೆ ಬಿಟ್ಟರು. "ಯಾವಾಗ್ಲೂ ಕನ್ನಡೀಲಿ ನಿನ್ನೇ ನೋಡ್ಕೊಂಡು ಓಡಿಸ್ತಿದ್ದೆ. ದಾರಿ ಉದ್ದಕ್ಕೂ ನೀನು ಒಬ್ಳೇ ಏನೋ ಮಾತಾಡ್ತಿದ್ದೆ. ಬಾಯಿ ಆಡೋದು ಕಾಣ್ತಿತ್ತು, ಕೇಳಿಸ್ತಿರ್ಲಿಲ್ಲ."

"ಒಂದ್ಸಲ ನಿಲ್ಸಿ ಕೇಳ್ಬಾರ್ದಿತ್ತಾ?" ಎಂದೆ. ಅಳು ಬಂದುಬಿಟ್ಟಿತು.

"ಈಗ ಹೇಳು. ಏನು ಹೇಳ್ತಿದ್ದೆ?"

ಅಷ್ಟು ವರ್ಷ, ಅಷ್ಟು ದಾರಿಯ ಮಾತು. ಬಾಯಿ ತೆರೆದೆ. ಒಂದೂ ನೆನಪಿಗೆ ಬರಲಿಲ್ಲ.