ಒಂದು ದೀರ್ಘ

ರೈಮೊ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೂಗುಚ್ಛವನ್ನು ಹೆಂಡತಿಯ ಕೈಗೆ ತುರುಕಲು ನೋಡುತ್ತಿದ್ದ. ಸೀರ್ಕಾ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಬಿಟ್ಟಳು.

"ನೀನೇ ಓದು. ಕಾರ್ಡ್ ಬರೆದೋನು ನೀನು."

"ಬರೆದಿದ್ದು ಮನೇಲಿ ಕೂತು. ಓದೋದು ಊರೆಲ್ಲರ ಮುಂದೆ ಕಣೇ."

"ಮೂವತ್ತು ವರ್ಷ ಹಿಮದ ಮೇಲೆ ಮರದ ಲಾರಿ ಓಡಿಸಿದೀಯ. ಎರಡು ಸಾಲಿಗೆ ಕಾಲು ನಡುಗುತ್ತಾ?"

ಐವತ್ತೊಂಬತ್ತಾದರೂ ಅಕ್ಷರಗಳು ಅವನ ಕಣ್ಣೆದುರು ಜಾಗ ಬದಲಿಸುತ್ತಿದ್ದವು. ನಮ್ಮಲ್ಲಿ ಶವಪೆಟ್ಟಿಗೆಗೆ ಹೂವಿಡುವವರು ಅದರ ಜೊತೆಗಿನ ಕಾರ್ಡನ್ನು ಗಟ್ಟಿಯಾಗಿ ಓದಲೇಬೇಕು. ಅವನು ತೊದಲಿದರೆ, ಹೆಲ್ವಿ ಟೀಚರ್ ಕಲಿಸಿದ್ದು ಇಷ್ಟೇನಾ ಎಂದು ಜನ ಅಂದುಕೊಂಡಾರು. ಸತ್ತವಳಿಗೆ ತನ್ನಿಂದ ಆ ಮಾತು ಬರಬಾರದು ಎಂಬುದೊಂದೇ ಅವನ ಸಂಕಟ.

*

ಎಪ್ಪತ್ತರ ದಶಕದ ಮಾತು. ಬಡವ ಬಲ್ಲಿದ, ಜಾಣ ದಡ್ಡ ಎಲ್ಲರಿಗೂ ಒಂದೇ ಶಾಲೆ ಎಂಬ ಕಾನೂನು ಆಗಷ್ಟೇ ಬಂದಿತ್ತು. ಒಂಬತ್ತು ವರ್ಷದ ರೈಮೊ ಶುಕ್ರವಾರ ಟೀಚರಿಗೆ ಚೀಟಿ ಬರೆದ. ನಮ್ಮ ಫಿನ್ನಿಶ್‌ನಲ್ಲಿ ‘ತಪಾನ್’ ಎಂದರೆ ಭೇಟಿಯಾಗುತ್ತೇನೆ. ದೀರ್ಘಕ್ಕೆ ಅದೇ ಅಕ್ಷರವನ್ನು ಎರಡು ಸಲ ಬರೆಯಬೇಕು. ರೈಮೊ ಒಂದನ್ನು ನುಂಗಿ ‘ತಪನ್’ ಎಂದ. ಸೋಮವಾರ ನಿಮ್ಮನ್ನು ಭೇಟಿಯಾಗುತ್ತೇನೆ ಎಂಬುದು ಸೋಮವಾರ ನಿಮ್ಮನ್ನು ಕೊಲ್ಲುತ್ತೇನೆ ಎಂದಾಯಿತು.

ಹೆಡ್‌ಮಾಸ್ತರರು ಚೀಟಿ ಹಿಡಿದು ಬಂದರು.

"ಇವನನ್ನ ಪಟ್ಟಣದ ಓದು ಬಾರದವರ ಶಾಲೆಗೆ ಸಾಗಹಾಕೋಣ. ಒಂದು ಸಾಲು ನೆಟ್ಟಗೆ ಬರೆಯಲ್ಲ, ಬರೆದ್ರೆ ಕೊಲೆ."

"ಒಂದು ದೀರ್ಘ ಕಮ್ಮಿ ಬಿದ್ದಿದೆ ಸಾರ್. ಅಷ್ಟಕ್ಕೆ ಮಗೂನ ಊರು ಬಿಡಿಸ್ತೀರಾ?" ಎಂದಳು ಹೆಲ್ವಿ. "ಎಲ್ಲರಿಗೂ ಒಂದೇ ಶಾಲೆ ಅಂದ್ಮೇಲೆ ಆ ಎಲ್ಲರಲ್ಲಿ ಇವನೂ ಇದಾನೆ."

ಸೋಮವಾರದಿಂದ ದಿನಾ ಅರ್ಧ ಗಂಟೆ ಅವನೊಬ್ಬನಿಗೇ ಪಾಠ. ತಪ್ಪನ್ನು ಅವಳು ತಿದ್ದುತ್ತಿರಲಿಲ್ಲ. "ಎಲ್ಲೋ ಏನೋ ಕಮ್ಮಿ ಇದೆ, ಹುಡುಕು. ನಂಗೇನು ಅವಸರ ಇಲ್ಲ," ಎಂದು ಉಣ್ಣೆ ಹೆಣೆಯುತ್ತ ಕೂರುತ್ತಿದ್ದಳು. ಆ ಚಳಿಗಾಲ ಅವಳು ನಾಲ್ಕು ಜೊತೆ ಕಾಲುಚೀಲ ಹೆಣೆದು ಮುಗಿಸಿದಳು. ರೈಮೊ ಒಂದು ಪುಸ್ತಕ ಓದಿ ಮುಗಿಸಿದ.

*

"ಪ್ರೀತಿಯ ಹೆಲ್ವಿ ಟೀಚರ್," ಶವಪೆಟ್ಟಿಗೆಯ ಪಕ್ಕ ನಿಂತು ರೈಮೊ ಓದಿದ. ಮೊದಲ ಸಾಲು ಹೇಗೋ ದಾಟಿತು. "ಮುಂದೆ ಒಂದು ದಿನ ನಿಮ್ಮನ್ನು..."

ನಿಂತುಬಿಟ್ಟ. ಕಾರ್ಡಿನಲ್ಲಿ ‘ತಪನ್’ ಎಂದಿತ್ತು.

ಬಾಯಲ್ಲಿ ಸರಿಯಾಗಿ ಹೇಳಿ ಹೂವಿಟ್ಟು ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಕಿವಿ ಕೆಂಪಾಯಿತು. ಪಾದ್ರಿ ಸಹಾಯಕ್ಕೆಂದು ಮುಂದೆ ಬಾಗಿದರು. ಹೆಲ್ವಿಯ ಮಗಳು ಇರ್ಯಾ ಪಾದ್ರಿಗಳ ತೋಳು ಹಿಡಿದಳು.

"ಇರಲಿ ಬಿಡಿ ಪಾದ್ರಿಗಳೇ."

"ಇರ್ಯಾ, ಪೆನ್ನು ಇದೆಯಾ?" ಎಂದ ರೈಮೊ.

"ಯಾಕೋ?"

"ಒಂದು ದೀರ್ಘ ಬಿಟ್ಟಿದೀನಿ."

ಚರ್ಚು ತುಂಬ ಕೇಳಿಸಿತು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಪೆನ್ನೊಂದು ಹೊರಟು, ನರೆತ ತಲೆಗಳ ಸಾಲು ಸಾಲು ದಾಟಿ, ಕೈಯಿಂದ ಕೈಗೆ ಮುಂದೆ ಬಂತು. ರೈಮೊ ಕಾರ್ಡನ್ನು ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟು ಬಾಗಿದ. ಎರಡು ಅಕ್ಷರಗಳ ನಡುವಿನ ಇಕ್ಕಟ್ಟಿನಲ್ಲಿ, ನಾಲಿಗೆಯನ್ನು ತುಟಿಯಂಚಿಗೆ ತಂದುಕೊಂಡು, ಬಿಟ್ಟುಹೋದ ಅಕ್ಷರವನ್ನು ನಿಧಾನವಾಗಿ ಕೂರಿಸತೊಡಗಿದ.